ಬೆಂಕಿ ಆರಿದ ಮೇಲೆ

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದಿದ್ದೆ. ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿ "ಚಿಕ್ಕಮ್ಮನ ವರ್ಷದ ತಿಥಿ ಬಂತಲ್ಲೋ, ರಜೆ ಹಾಕು" ಅಂದಳು. ಇನ್ನು ಬರೆಯದೆ ಇರಲಿಕ್ಕೆ ಆಗಲಿಲ್ಲ.

ಹೋದ ವರ್ಷ ದೇವರ ದೀಪದಿಂದ ಸೆರಗಿಗೆ ಬೆಂಕಿ ಹತ್ತಿ ಚಿಕ್ಕಮ್ಮನ ಮೈಯಲ್ಲಿ ಮೂರರಲ್ಲೊಂದು ಪಾಲು ಸುಟ್ಟಿತ್ತು. ನಾಲ್ಕನೇ ದಿನ ಮಾತಾಡಿದಳು, ಗಂಜಿ ಕುಡಿದಳು. ಗೆದ್ದಳು ಅಂದುಕೊಂಡೆವು. ಐದನೇ ದಿನ ನಾನು ಬೆಂಗಳೂರಿನಿಂದ ಓಡಿದೆ. ವಾರ್ಡಿನ ಬಾಗಿಲಲ್ಲಿ ನರ್ಸ್ "ನೆಗಡಿ ಏನಾದ್ರೂ ಇದೆಯಾ?" ಅಂತ ಕೇಳಿದರು. ಇತ್ತು. "ಇಲ್ಲ" ಅಂದೆ. ಒಳಗೆ ಹೋಗಿ, ಅವಳಿಗೆ ಗುರುತು ಸಿಗಲಿ ಅಂತ ಮಾಸ್ಕನ್ನೂ ಕೆಳಗೆ ಎಳೆದೆ. ನಕ್ಕಳು.

ಹನ್ನೊಂದನೇ ದಿನ ಹೋಗಿಬಿಟ್ಟಳು. ರಕ್ತಕ್ಕೆ ಸೋಂಕು ಅಂದರು.

ಬೆಂಕಿ ಆರಿ ಹತ್ತು ದಿನ ಆದಮೇಲೆ ಮನುಷ್ಯ ಸಾಯೋದು ಹೇಗೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿಯೆಲ್ಲಾ ಕೂತು ಓದಿದೆ. ನಾನು ಕೋಡ್ ಬರೆಯುವವನು, ಪಿಯುಸಿ ಆದಮೇಲೆ ಬಯಾಲಜಿ ಪುಸ್ತಕ ಮುಟ್ಟಿದವನಲ್ಲ. ತಿಳಿದಷ್ಟು ಹೇಳ್ತೀನಿ.

ನಮ್ಮ ಚರ್ಮ ಬರೀ ಹೊದಿಕೆ ಅಲ್ಲ. ಸೋಂಕನ್ನು ಗುರುತಿಟ್ಟುಕೊಂಡು ಹೊಡೆಯುವ ಟಿ ಕಣಗಳು ಅದರಲ್ಲಿ ಸುಮಾರು 2,000 ಕೋಟಿ ಇವೆಯಂತೆ, ರಕ್ತದಲ್ಲಿ ಓಡಾಡುವ ಟಿ ಕಣಗಳ ಹೆಚ್ಚುಕಡಿಮೆ ಎರಡರಷ್ಟು! ಚರ್ಮ ಸುಟ್ಟರೆ ಗೋಡೆಯ ಜೊತೆಗೆ ಕಾವಲುಗಾರರೂ ಹೋದ ಹಾಗೆ. ಅಷ್ಟಕ್ಕೇ ಮುಗಿಯೋದಿಲ್ಲ. ದೊಡ್ಡ ಗಾಯವಾದಾಗ ಇಡೀ ಮೈ ಉರಿಯೂತದಿಂದ ಕೆರಳುತ್ತದೆ. ಅದರ ಜೊತೆಗೇ, ಮುಂದಿನ ದಿನಗಳಲ್ಲಿ ಉಳಿದ ಟಿ ಕಣಗಳೂ ಮಂಕಾಗುತ್ತವೆ. ಅವು ಸಂಖ್ಯೆಯಲ್ಲಿ ಇಳಿಯುತ್ತವೆ. "ಬೆಳೆಯಿರಿ, ಇಬ್ಭಾಗವಾಗಿ" ಅಂತ ಹೇಳುವ ಇಂಟರ್‌ಲ್ಯೂಕಿನ್-2 ಅನ್ನುವ ಸಂದೇಶವೂ ಕಡಿಮೆಯಾಗುತ್ತದೆ. ಇನ್ನೊಂದು ಕಡೆ, ಬ್ರೇಕ್ ಹಾಕುವ ಕೆಲಸದ ನಿಯಂತ್ರಕ ಟಿ ಕಣಗಳ ಕೈ ಮೇಲಾಗುತ್ತದೆ. ಒಂದೇ ಸಮನೆ ಅಲರ್ಟ್ ಬಂದರೆ ನಾವು ಆಫೀಸಿನಲ್ಲಿ ಅದನ್ನು ಮ್ಯೂಟ್ ಮಾಡಿಬಿಡ್ತೀವಲ್ಲ, ಹಾಗೆ. ನಿಜವಾದ ಕಳ್ಳ ಒಳಗೆ ಬರೋದು ಆಗಲೇ.

ಇದಕ್ಕೆ ಇನ್ನೊಂದು ಮುಖವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೀಟರ್ ಮೆಡವಾರ್ ಅನ್ನುವ ವಿಜ್ಞಾನಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಥಾಮಸ್ ಗಿಬ್ಸನ್ ಜೊತೆ ಸುಟ್ಟಗಾಯದ ರೋಗಿಗಳನ್ನು ನೋಡುತ್ತಿದ್ದರು. ಒಬ್ಬ ಹೆಂಗಸಿಗೆ ಅವಳ ಅಣ್ಣನೋ ತಮ್ಮನೋ ಕೊಟ್ಟ ಚರ್ಮ ಹಾಕಿದರೆ ಕೆಲವು ದಿನ ಹಿಡಿದು ಆಮೇಲೆ ಕಳಚಿತು. ಎರಡನೇ ಸಲ ಹಾಕಿದ್ದು ಇನ್ನೂ ಬೇಗ ಹೋಯಿತು. ಮೈ ಪರಕೀಯರನ್ನು ನೆನಪಿಟ್ಟುಕೊಳ್ಳುತ್ತದೆ ಅನ್ನೋದಕ್ಕೆ ಅವರ 1943ರ ಆ ಬರಹ ಸಾಕ್ಷಿಯಾಯಿತು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು. ಹೀಗೆ ಕಳಚಿ ಹಾಕುವುದರಲ್ಲಿ ದೊಡ್ಡ ಪಾಲು ಟಿ ಕಣಗಳದ್ದೇ ಅಂತ ಗೊತ್ತಾಗಿದ್ದು ಆಮೇಲೆ.

ಮೈ ತುಂಬಾ ಸುಟ್ಟವರಲ್ಲಿ ಟಿ ಕಣಗಳು ಮಂಕಾಗಿರುವುದರಿಂದ ದಾನಿಯ ಚರ್ಮ ಇನ್ನಷ್ಟು ದಿನ ಉಳಿಯುತ್ತದೆ. ಸ್ವಂತ ಚರ್ಮ ಕಸಿ ಮಾಡುವವರೆಗೆ ಅದೇ ತಾತ್ಕಾಲಿಕ ಗೋಡೆ. ಸತ್ತು ಆರು ಗಂಟೆಯೊಳಗೆ ತೆಗೆದ ಚರ್ಮವನ್ನು ಸ್ಕಿನ್ ಬ್ಯಾಂಕುಗಳಲ್ಲಿ ಇಡುತ್ತಾರೆ. ರಕ್ತದ ಗುಂಪು ಹೊಂದಬೇಕೆಂದೇನೂ ಇಲ್ಲ. ನಾನು ಹೆಸರು ಬರೆಸಿದ್ದೇನೆ.

ನನ್ನ ನೆಗಡಿಯ ವಿಷಯ ಗೆಳೆಯನೊಬ್ಬನಿಗೆ ಹೇಳಿದೆ, ಅವನು ಡಾಕ್ಟರ್. "ನೆಗಡಿ ವೈರಸ್ಸಿನದ್ದು ಮಾರಾಯ, ನಿಮ್ಮ ಚಿಕ್ಕಮ್ಮನ ರಕ್ತದಲ್ಲಿ ಸಿಕ್ಕಿದ್ದು ಬ್ಯಾಕ್ಟೀರಿಯಾ. ಅದು ಹೆಚ್ಚಾಗಿ ರೋಗಿಯ ಸ್ವಂತ ಮೈಯಿಂದ, ಕರುಳಿನಿಂದ, ಸುತ್ತಲಿನ ಕೈಗಳಿಂದ ಬರುತ್ತೆ" ಅಂದ. ಸಮಾಧಾನ ಆಯಿತು. ಆಮೇಲೆ ಹೊಳೆಯಿತು: ಸುತ್ತಲಿನ ಕೈಗಳಲ್ಲಿ ನನ್ನ ಕೈಯೂ ಇತ್ತಲ್ಲ? ಅದೂ ಇರಲಿ, ಸುಳ್ಳು ಹೇಳುವಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಆ ನರ್ಸ್ ತಡೆದದ್ದು ನನ್ನನ್ನಲ್ಲ. ಒಳಗೆ ನಿದ್ದೆ ಹೋಗಿದ್ದ ಆ ಕಾವಲುಗಾರರ ಪರವಾಗಿ ಬಾಗಿಲಲ್ಲಿ ನಿಂತಿದ್ದರು, ಅಷ್ಟೇ. ನಿಮ್ಮನ್ನೂ ಯಾರಾದರೂ ಹಾಗೆ ತಡೆದರೆ ದಯವಿಟ್ಟು ಹೊರಗೇ ನಿಲ್ಲಿ. ಗಾಜಿನಾಚೆಯಿಂದ ಕೈ ಬೀಸಿದರೂ ಸಾಕು.

ರಜೆ ಹಾಕಿದ್ದೇನೆ. ಮಾಸ್ಕಿನ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಸಲ ಹೇಳಬೇಕು.