ದೇವರಗುಡ್ಡದ ಮುಳ್ಳಿಲ್ಲದ ಕಳ್ಳಿ

ದಸರೆಯ ಕಾರ್ಣಿಕ ಮುಗಿದು ಜನಜಂಗುಳಿ ಕರಗಿದ ಮೇಲೆ ದೇವರಗುಡ್ಡದ ಇಳಿಜಾರುಗಳಲ್ಲಿ ಅಡ್ಡಾಡಬೇಕು. ಮಾಲತೇಶನ ಗುಡಿಯ ಸುತ್ತ ಇನ್ನೂ ಭಂಡಾರದ ಹಳದಿ. ಕೆಳಗೆ ರಾಣೆಬೆನ್ನೂರಿನ ಗೋವಿನಜೋಳ, ಬ್ಯಾಡಗಿ ಕಡೆಗೆ ಮೆಣಸಿನಕಾಯಿಯ ಹೊಲ. ಭೂವಿಜ್ಞಾನಿಗಳು ಈ ಸೀಮೆಯ ಶಿಲಾಸ್ತರವೊಂದಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಷ್ಟು ಹಳೆಯ ನೆಲದಲ್ಲಿ ಬೊಗಸೆ ಮಣ್ಣು ನಿಂತ ಬಿರುಕೇ ಒಂದು ತೋಟ.

ಕವಳೆಯ ಪೊದೆಯೊಂದನ್ನು ಸರಿಸಿದಾಗ ಕಂಡಿತು. ಗೇಣುದ್ದದ ಹಸಿರು ಕಡ್ಡಿಗಳು, ನಾಲ್ಕು ಏಣು, ಎಲೆಯಿಲ್ಲ, ಮುಳ್ಳೂ ಇಲ್ಲ. ಸಪೂರವಾದ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಹೂಗಳು ತಲೆ ತಗ್ಗಿಸಿದ್ದವು. ಮೊಣಕಾಲೂರಿ, ಕೆನ್ನೆಯನ್ನು ಬಂಡೆಗೆ ತಾಗಿಸಿ, ಕೆಳಗಿನಿಂದ ನೋಡಿದೆ. ಕಡುನೇರಳೆಯ ಐದು ದಳ, ದಳದಂಚಿಗೆಲ್ಲ ಕೂದಲ ಕುಚ್ಚು. ನನ್ನ ಉಸಿರಿಗೇ ಆ ಕುಚ್ಚು ನಡುಗಿತು! ವಾಸನೆ ನಮಗೆ ಹಿಡಿಸುವಂಥದ್ದಲ್ಲ; ಅದು ನೊಣಗಳಿಗೆ ಕೊಟ್ಟ ಕರೆ.

ಇದೇನು? ನಾಲ್ಕು ಏಣು ಮಂಗರವಳ್ಳಿಗೂ ಉಂಟು, ಆದರೆ ಅದು ಗಂಟುಗಂಟಾದ ಬಳ್ಳಿ, ಕುಡಿ ಚಾಚಿ ಹಬ್ಬುತ್ತದೆ. ಬೇಲಿಯ ಕಳ್ಳಿಯನ್ನು ಚಿವುಟಿದರೆ ಬಿಳಿ ಹಾಲು. ಇದರ ರಸ ನೀರಿನಂತೆ ತಿಳಿ. ಪಾಪಾಸುಕಳ್ಳಿಗೆ ಮುಳ್ಳಿನ ಗೊಂಚಲುಗಳಿವೆ, ಇದಕ್ಕೆ ಅವುಗಳ ಕುರುಹೇ ಇಲ್ಲ. ಇದು ಕ್ಯಾರಲುಮ, ಅಂಚಿನ ಕುಚ್ಚು ನೋಡಿದರೆ ಕ್ಯಾರಲುಮ ಫಿಂಬ್ರಿಯೇಟ. ಕ್ಯಾಕ್ಟಸ್ ಜಾತಿಯೇ ಅಲ್ಲ, ನಮ್ಮ ಎಕ್ಕದ ನಂಟ. ಎಕ್ಕದಂತೆಯೇ ಇದರ ಪರಾಗ ಪುಡಿಯಲ್ಲ, ಪುಟ್ಟ ಗಂಟು. ನೊಣದ ಮೈಗೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಕಾಯಿ ಜೋಡಿ ಕೋಡು, ಬೀಜಕ್ಕೆ ರೇಷ್ಮೆಯ ಜುಟ್ಟು.

ಭಾರತದಲ್ಲಿ ಹುಟ್ಟಿದ ಕ್ಯಾಕ್ಟಸ್ ಒಂದೂ ಇಲ್ಲ. ಪಾಪಾಸುಕಳ್ಳಿ ಅಮೆರಿಕದಿಂದ ಬಂದದ್ದು. 18ನೆಯ ಶತಮಾನದ ಕೊನೆಗೆ ಕೆಂಬಣ್ಣ ಕೊಡುವ ಕೊಚಿನೀಲ್ ಹುಳು ಸಾಕಲೆಂದು ಕಂಪನಿ ಸರ್ಕಾರ ಅದನ್ನು ಬೆಳೆಸಲು ಹೆಣಗಿತು. ಅದರ ಬಂಧುವೊಂದು ಹೊಲಗಳನ್ನೇ ನುಂಗತೊಡಗಿದಾಗ, 1926ರಲ್ಲಿ ಅಂಥದೇ ಇನ್ನೊಂದು ಹುಳುವನ್ನು ತರಿಸಿ ಹತೋಟಿಗೆ ತರಬೇಕಾಯಿತು. ಇಷ್ಟಾದರೂ ಊರಿಗೆಲ್ಲ ಗೊತ್ತಿರುವ ಕಳ್ಳಿ ಅದೇ. ಈ ನೆಲದ ಮಗು ಪೊದೆಯಡಿ ಅಡಗಿದೆ. ಅಡಗಿದ್ದಕ್ಕೇ ಉಳಿದಿದೆ ಅನ್ನಬಹುದು, ಕವಳೆಯ ಮುಳ್ಳು ಆಡಿನ ಬಾಯಿಯನ್ನು ತಡೆಯುತ್ತದೆ. ಹಗಲು ಉಸಿರುರಂಧ್ರ ಮುಚ್ಚಿ, ರಾತ್ರಿ ತೆರೆದು ಗಾಳಿ ಹೀರಿಕೊಂಡು ಇದು ನೀರುಳಿಸುತ್ತದೆ.

ಕುರಿ ಬಿಟ್ಟುಕೊಂಡು ಬಂದ ಅಜ್ಜ ನನ್ನನ್ನು ನೋಡಿ ನಿಂತರು. "ಏನ್ ಕಳಕೊಂಡೀರಿ ಸರ?"

ಗಿಡ ತೋರಿಸಿದೆ.

"ಇದನ್ನೇನ್ರೀ? ಸಣ್ಣಾವಿದ್ದಾಗ ಮುರ‍್ಕೊಂಡು ತಿಂತಿದ್ವಿ. ಒಂಚೂರು ಕಹಿ. ಹೊತ್ತೇರೂತನ ಹಸಿವು ತಡೀತಿತ್ತು."

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯ ಸಂಸ್ಥೆಯವರು ಇದೇ ಗಿಡದ ಸಾರವನ್ನು 50 ಮಂದಿಯ ಮೇಲೆ 60 ದಿನ ಪರೀಕ್ಷಿಸಿ, ಹಸಿವು ತಗ್ಗುತ್ತದೆಂದು 2007ರಲ್ಲಿ ಪ್ರಕಟಿಸಿದರು. ಅಜ್ಜನ ಬಾಲ್ಯ ಅದಕ್ಕಿಂತ ಎಷ್ಟೋ ಹಿಂದಿನದು. ಈಗ ತೂಕ ಇಳಿಸುವ ಮಾತ್ರೆಯಾಗಿ ಇದು ಲೋಕ ಸುತ್ತುತ್ತಿದೆ. ಬುಡಸಹಿತ ಕಿತ್ತೊಯ್ಯುವ ಕೈಗಳು ಈ ಗುಡ್ಡಕ್ಕೆ ಬಾರದಿರಲಿ ಎಂದು ಮನಸ್ಸು ಬೇಡಿತು.

ಇದಕ್ಕೊಂದು ದಪ್ಪ ಮೈಯ ಅಣ್ಣನಿದ್ದಾನೆ, ಕ್ಯಾರಲುಮ ಅಂಬೆಲೇಟ. ತುದಿಯಲ್ಲಿ ಹೂವೆಲ್ಲ ಒಂದೇ ಚೆಂಡಾಗಿ ಅರಳುತ್ತವೆ. ತುಂಗಭದ್ರೆಯ ದಂಡೆಯ ಐರಣಿ ಕಡೆಯ ಗುಡ್ಡಗಳಲ್ಲಿ ನಾಳೆ ಅದನ್ನು ಹುಡುಕಬೇಕು.