ನಮ್ಮ ಹಿತ್ತಲಿನ ಒಕ್ಕಲು

ಪುಣೆಯಲ್ಲಿದ್ದುಕೊಂಡು ‘ನಮ್ಮ ಹಿತ್ತಲು’ ಎಂದರೆ ಕೇಳಿದವರಿಗೆ ಜಂಬದ ಮಾತಾಗಿ ಕಾಣುವ ಕಾಲವಿದು. ಹನ್ನೊಂದನೆಯ ಅಂತಸ್ತಿನ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಕರಿಬೇವು ಇಟ್ಟುಕೊಂಡು ತೃಪ್ತರಾಗಿರುವ ಬಂಧುಮಿತ್ರರೆದುರು ಆ ಮಾತನ್ನು ನಾವು ಮೆಲ್ಲಗೆ ನುಂಗಿಕೊಳ್ಳುವುದುಂಟು. ಆದರೆ ಇದ್ದದ್ದನ್ನು ಇಲ್ಲವೆನ್ನಲಾದೀತೆ? ಎರಂಡವಣೆಯಲ್ಲಿ, ಲಾ ಕಾಲೇಜಿನ ಗುಡ್ಡದ ಮಗ್ಗುಲಿಗೆ, 1971ರಲ್ಲಿ ಕಟ್ಟಿದ ಹನ್ನೆರಡು ಮನೆಗಳ ಸಹಕಾರಿ ಸೊಸಾಯಿಟಿ ನಮ್ಮದು. ಕೆಳಗಿನ ಮನೆಯವರಾದ ನಮಗೆ ಅಡಿಗೆಮನೆಯ ಬಾಗಿಲು ತೆಗೆದರೆ ಹತ್ತು ಮಾರು ಉದ್ದ, ನಾಲ್ಕು ಮಾರು ಅಗಲದ ನೆಲ. ಅದರಲ್ಲಿ ಒಂದು ಸಂಪಿಗೆ, ಗೋಡೆಗೆ ಹತ್ತಿಕೊಂಡು ಒಂದು ಅತ್ತಿ, ಒಂದು ಪಾರಿಜಾತ, ದಾಸವಾಳದ ಬೇಲಿ, ಮಲ್ಲಿಗೆಯ ಎರಡು ಮಡಿ. ಇದಿಷ್ಟೇ ಆಸ್ತಿ. ಇದರಲ್ಲಿ ಬಾಡಿಗೆ ಕೊಡದೆ, ಕೇಳಿದರೆ ನಮ್ಮನ್ನೇ ಗದರಿಸುತ್ತ ವಾಸವಾಗಿರುವ ಒಕ್ಕಲಿನ ಲೆಕ್ಕವನ್ನು ಒಂದು ವರ್ಷ ಬರೆದಿಟ್ಟೆವು.

ಲೆಕ್ಕ ಬರೆಯುವ ಪ್ರಸಂಗ ಏಕೆ ಬಂತೆಂಬುದನ್ನು ಮೊದಲು ಹೇಳಿಬಿಡಬೇಕು. 2024ರ ಮೇ ತಿಂಗಳಲ್ಲಿ ನಮ್ಮ ಸೊಸಾಯಿಟಿಯ ಸಭೆ ಸೇರಿ, ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಿಸುವುದೆಂದು ಗೊತ್ತುಮಾಡಿತು. ಪುಣೆಯಲ್ಲಿ ‘ರೀಡೆವಲಪ್‌ಮೆಂಟ್’ ಎಂಬ ಮಾತನ್ನು ಈಗ ಹಾಲು ಮಾರುವವನೂ ತಪ್ಪಿಲ್ಲದೆ ಆಡುತ್ತಾನೆ. ಹಿಂದೆ ಇದಕ್ಕೆ ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆ ಬೇಕಿತ್ತು. 2019ರ ಜುಲೈಯಲ್ಲಿ ಸರಕಾರ ಅದನ್ನು ನೂರಕ್ಕೆ 51ಕ್ಕೆ ಇಳಿಸಿತು. ನಮ್ಮಲ್ಲಿ ಎಣಿಸುವ ಪ್ರಮೇಯವೇ ಬರಲಿಲ್ಲ. ಹನ್ನೆರಡು ಮನೆಯವರೂ ಸಹಿ ಹಾಕಿದೆವು. ಮೂರನೆಯ ಮಾಳಿಗೆಯ ಆಜಿಗೆ ಎಂಬತ್ತಾರು ವರ್ಷ, ಲಿಫ್ಟಿಲ್ಲ, ಎರಡು ವರ್ಷಗಳಿಂದ ಅವರು ಕೆಳಗಿಳಿದದ್ದು ಕುರ್ಚಿಯಲ್ಲಿ ಕೂರಿಸಿ ಹೊತ್ತಾಗ ಮಾತ್ರ, ಅದೂ ದವಾಖಾನೆಗೆ. ಅಂಥವರ ಎದುರು ಕುಳಿತು, ‘ನಮ್ಮ ಸಂಪಿಗೆಯ ಮರ ಇದೆ, ಆದ್ದರಿಂದ ತಾವು ಮೇಲೆಯೇ ಇರಿ’ ಎನ್ನುವ ಬಾಯಿ ಯಾರಿಗಿದೆ? ಕೈ ಎತ್ತಿದೆವು. ಇಂದಿಗೂ ಎತ್ತುವವರೇ.

ಆಮೇಲೆ ಒಬ್ಬ ಹುಡುಗ ಬಣ್ಣದ ಡಬ್ಬಿ ಹಿಡಿದು ಬಂದು ಮರಗಳಿಗೆಲ್ಲ ಅಂಕಿ ಬರೆದ. ಸಂಪಿಗೆ 7, ಅತ್ತಿ 8, ಪಾರಿಜಾತ 9. ಅಂದು ರಾತ್ರಿ ಮೊಮ್ಮಗಳ ಶಾಲೆಯ ಇನ್ನೂರು ಪುಟದ ನೋಟುಬುಕ್ಕೊಂದನ್ನು ಕಸಿದುಕೊಂಡು ಮೊದಲ ಪುಟದಲ್ಲಿ ‘ಜೂನ್’ ಎಂದು ಬರೆದೆವು.

ಜೂನಿನಲ್ಲಿ ಪುಣೆಯ ಮಳೆ ಬರುವುದಕ್ಕಿಂತ ಹೆಚ್ಚಾಗಿ ಬರುತ್ತೇನೆಂದು ಹೇಳಿ ಕಳಿಸುತ್ತದೆ. ಘಟ್ಟದ ಅಂಚಿನ ಲೋಣಾವಳೆ, ಇಲ್ಲಿಂದ ಸುಮಾರು 65 ಕಿಲೋಮೀಟರು, ನಾಲ್ಕು ಸಾವಿರ ಮಿಲಿಮೀಟರು ಮಳೆ ಕಾಣುವಾಗ ಪುಣೆಗೆ ದಕ್ಕುವುದು ಏಳುನೂರರ ಆಸುಪಾಸು. ಅದಕ್ಕೇ ಇರಬೇಕು, ಇಲ್ಲಿಯ ಹಕ್ಕಿಗಳು ಮಳೆಯನ್ನು ಕೂಗಿ ಕೂಗಿ ಕರೆಯುವುದು. ಗುಡ್ಡದ ಮೇಲಿಂದ ನವಿಲು. ಅತ್ತಿಯ ಮರದಿಂದ, ಮರಾಠಿಯವರು ‘ಪಾವಶ್ಯಾ’ ಎನ್ನುವ ಕೋಗಿಲೆಯ ದಾಯಾದಿ. ಅದು ‘ಪೇರ್ತೆ ವ್ಹಾ’, ಬಿತ್ತನೆಗೆ ಏಳಿರಿ, ಎಂದು ಕೂಗುತ್ತದೆಂದು ಇಲ್ಲಿಯ ರೈತರ ನಂಬಿಕೆ. ಬಿತ್ತಲು ಏನೂ ಇಲ್ಲದ ಸೊಸಾಯಿಟಿಯವರನ್ನು ನಸುಕಿನ ನಾಲ್ಕಕ್ಕೆ ಎಬ್ಬಿಸಿ ಅದಕ್ಕೆ ಏನು ಲಾಭವೋ! ಚಾತಕವೂ ಬಂತು: ತಲೆಯ ಮೇಲೆ ಜುಟ್ಟು, ಮೈ ಕಪ್ಪು, ಹೊಟ್ಟೆ ಬಿಳಿ. ಆಫ್ರಿಕದಿಂದ ಕಡಲು ದಾಟಿ ಮಳೆಗಾಳಿಯ ಜೊತೆಗೇ ಬರುವ ಈ ಹಕ್ಕಿ ಮಳೆಯ ಹನಿಯನ್ನಲ್ಲದೆ ಬೇರೇನನ್ನೂ ಮುಟ್ಟದೆಂದು ಕವಿಗಳು ಹೇಳಿದರು. ನಮ್ಮ ದಾಸವಾಳದ ಬೇಲಿಯಲ್ಲಿ ಅದು ಕಂಬಳಿಹುಳಗಳನ್ನು ಒಂದಾದ ಮೇಲೊಂದು ಹಿಡಿದು ನುಂಗಿದ್ದನ್ನು ಕಂಡ ಮೇಲೆ ನಮಗೆ ಅದರ ಮೇಲಿನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೊಟ್ಟೆಯನ್ನು ಮಾತ್ರ ಹರಟೆಮಲ್ಲನ ಗೂಡಿಗೆ ಸೇರಿಸಿ ಸುಮ್ಮನಾಗುತ್ತದೆ. ಹರಟೆಮಲ್ಲರಿಗೆ ಮರಾಠಿಯಲ್ಲಿ ‘ಸಾತಭಾಯಿ’, ಏಳು ಜನ ಅಣ್ಣತಮ್ಮಂದಿರು. ಏಳು ಜನರೂ ಕೂಡಿ ಹರಟಿ ಹರಟಿ, ಕೊನೆಗೆ ಪರರ ಮಗುವನ್ನು ಸಾಕುತ್ತಾರೆ.

2024ರ ಜುಲೈ 25ರ ಪುಟ ಒದ್ದೆಯಾಗಿ ಶಾಯಿ ಹರಡಿದೆ. ಖಡಕವಾಸಲೆಯಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಕಡೆಯ ಮನೆಗಳಿಗೆ ಹೊಳೆ ನುಗ್ಗಿದ ದಿನ ಅದು. ನಮ್ಮ ಕಡೆ ಅಂಥ ಕಷ್ಟವೇನೂ ಇರಲಿಲ್ಲ. ಆದರೂ ಮಡಿವಾಳ ಹಕ್ಕಿಯೊಂದು ದಿನವಿಡೀ ಅಡಿಗೆಮನೆಯ ಸಜ್ಜದ ಕೆಳಗೆ ಬಾಲವನ್ನೂ ಎತ್ತದೆ ಕುಳಿತಿತ್ತು.

ಮಡಿವಾಳನ ಹೆಸರು ಬಂದದ್ದೇ ಬಂತು, ಹೆಸರಿನ ತಕರಾರನ್ನೂ ಹೇಳಿಬಿಡುವೆವು. ಮೊಮ್ಮಗಳು ಓದುವುದು ಇಂಗ್ಲಿಷ್ ಶಾಲೆ, ಆಡುವುದು ಮರಾಠಿ, ಮನೆಯಲ್ಲಿ ನಮ್ಮೊಡನೆ ಮಾತ್ರ ಕನ್ನಡ, ಅದೂ ಅರ್ಧ ದಾರಿಯವರೆಗೆ. ಸೆಪ್ಟೆಂಬರ್ ಕೊನೆಗೆ ಒಂದು ದಿನ ಓಡಿ ಬಂದು, “ಅಜ್ಜಾ, ಪರೀಟ ಬಂದಾನ!” ಎಂದಳು. ಇಸ್ತ್ರಿಯ ಬಟ್ಟೆಗೆ ಯಾರೋ ಬಂದರೆಂದು ನಾವು ಗಂಟು ಹಿಡಿದು ಹೊರಗೆ ಹೋದರೆ, ನೀರಿನ ತೊಟ್ಟಿಯ ಬದಿಗೆ ಬಾಲ ಕುಣಿಸುತ್ತ ಓಡಾಡುವ ಸಣ್ಣ ಹಕ್ಕಿ! ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರುವ ಇದರ ಹೆಸರು ಮರಾಠಿಯಲ್ಲಿ ಪರೀಟ, ಎಂದರೆ ಅಗಸ. ಕಲ್ಲಿನ ಮೇಲೆ ಬಟ್ಟೆ ಒಗೆದಂತೆ ಬಾಲ ಬಡಿಯುತ್ತದಲ್ಲವೆ? ಕನ್ನಡದಲ್ಲಿ ಅಗಸನ ಪಟ್ಟ ಹಾಡುವ ಕಪ್ಪುಬಿಳಿ ಮಡಿವಾಳನಿಗೆ ಸಂದಿದೆ. ಅವನನ್ನು ಮರಾಠಿಯವರು ‘ದಯಾಳ’ ಎನ್ನುತ್ತಾರೆ. ಒಂದೇ ಹಿತ್ತಲಿಗೆ ಇಬ್ಬರು ಅಗಸರು, ಭಾಷೆಗೊಬ್ಬ. ಯಾರು ನಿಜವಾದ ಅಗಸ ಎಂದು ಹುಡುಗಿ ಒಂದು ವಾರ ನಮ್ಮನ್ನು ಪೀಡಿಸಿದಳು. ಸಿಂಪಿಗನ ವಿಷಯದಲ್ಲಿ ಮಾತ್ರ ಜಗಳವಿಲ್ಲ. ಎರಡೂ ಕಡೆ ಅವನು ದರ್ಜಿಯೇ, ಇಲ್ಲಿ ‘ಶಿಂಪಿ’. ಎಲೆಯ ಅಂಚಿಗೆ ತೂತು ಹಾಕಿ, ಜೇಡರ ಬಲೆಯ ಎಳೆ, ಹತ್ತಿಯ ಎಳೆ ಪೋಣಿಸಿ ಹೊಲಿಯುವ ಕೆಲಸ ಯಾವ ಭಾಷೆಗಾದರೂ ಕಂಡೇ ಕಾಣುತ್ತದೆ. ಬೇಸಿಗೆಯಲ್ಲಿ ಟಕ್ ಟಕ್ ಎನ್ನುವ ಪುಟ್ಟ ಹಸಿರು ಹಕ್ಕಿಗೆ ಇಲ್ಲಿ ‘ತಾಂಬಟ’, ನಮ್ಮಲ್ಲಿ ಕಂಚುಗಾರ. ಕಸಬಾ ಪೇಠೆಯ ತಾಂಬಟ ಆಳಿಗೆ ಹೋಗಿ ತಾಮ್ರ ಬಡಿಯುವವರ ಸುತ್ತಿಗೆಯ ಸದ್ದು ಕೇಳಿಸಿಕೊಂಡು ಬಂದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂವಿನ ಹೆಸರುಗಳದು ಇನ್ನೂ ಸೊಗಸು. ನಮ್ಮ ಕನಕಾಂಬರ ಇಲ್ಲಿ ‘ಅಬೋಲಿ’, ಮಾತಾಡದವಳು. ನಾವು ಉಡಿಸಿದ ಹೊನ್ನಿನ ಸೀರೆಯನ್ನು ನೋಡದೆ ಇವರು ಅವಳ ಮೌನವನ್ನು ನೋಡಿದರು! ಭಾದ್ರಪದದಲ್ಲಿ ಗೌರಿ ಬಂದಾಗ ಹಿತ್ತಲಿನ ಮೂಲೆಯಲ್ಲಿ ತಾನೇ ಹುಟ್ಟುವ ಕರ್ಣಕುಂಡಲದ ಗಿಡಕ್ಕೆ ‘ತೇರಡಾ’ ಎಂದು ಹೆಸರು. ಕೆಲವು ಮನೆಗಳಲ್ಲಿ ಆ ಗಿಡವನ್ನೇ ಗೌರಿಯೆಂದು ತಂದು ಕೂರಿಸುತ್ತಾರೆ. ಅನುರಾಧಾ ನಕ್ಷತ್ರಕ್ಕೆ ಬಂದು, ಜ್ಯೇಷ್ಠೆಗೆ ಉಂಡು, ಮೂಲಕ್ಕೆ ಹೊರಡುವ ಮೂರು ದಿನದ ಅತಿಥಿ. ‘ತೇರಡ್ಯಾಚಾ ರಂಗ ತೀನ ದಿವಸ’ ಎಂಬ ಗಾದೆ ಇಲ್ಲಿ ಬಳಕೆಯಲ್ಲಿದೆ. ಮೇಲಿನ ಆಜಿಗೆ ಪ್ರತಿ ವರ್ಷ ಆ ಗಿಡ ನಮ್ಮ ಹಿತ್ತಲಿನಿಂದಲೇ ಹೋಗುವುದು.

ದಸರೆಗೆ ನೀಲಕಂಠನನ್ನು ನೋಡಿದರೆ ಶುಭ. ಕರ್ನಾಟಕದ ರಾಜ್ಯಪಕ್ಷಿಯಾದ ಈತ ನಮ್ಮ ಹಿತ್ತಲಿಗೆ ಬರಲಿಲ್ಲ. ಅವನಿಗೆ ಹೊಲದ ಬಯಲು ಬೇಕು. ಆದರೆ ಮಹಾರಾಷ್ಟ್ರದ ರಾಜ್ಯಪಕ್ಷಿ ಹರಿಯಾಲ, ಹಳದಿ ಕಾಲಿನ ಹಸಿರು ಪಾರಿವಾಳ, ಡಿಸೆಂಬರಿನಲ್ಲಿ ಅತ್ತಿ ಹಣ್ಣಾದಾಗ ಏಳು ಜನರ ಪರಿವಾರದೊಡನೆ ಬಂದಿತು. ಎಲೆಯ ಬಣ್ಣವೇ ಮೈಬಣ್ಣ; ಹಣ್ಣಿನ ತೊಟ್ಟುಗಳು ಕೆಳಗೆ ಬೀಳದಿದ್ದರೆ ಮರದಲ್ಲಿ ಯಾರಾದರೂ ಇದ್ದಾರೆಂದು ತಿಳಿಯುವುದೇ ಇಲ್ಲ. ಜನವರಿಯ ಎಂಪ್ರೆಸ್ ಗಾರ್ಡನ್ನಿನ ಪುಷ್ಪಪ್ರದರ್ಶನಕ್ಕೂ ಹೋಗಿ ಬಂದೆವು. ಸೇವಂತಿಗೆಗಳು ತಟ್ಟೆಯಷ್ಟು ದೊಡ್ಡವಿದ್ದವು. ಅವುಗಳ ಮೇಲೆ ಒಂದು ಜೇನ್ನೊಣವೂ ಕಾಣಲಿಲ್ಲವಾದ್ದರಿಂದ ನೋಟುಬುಕ್ಕಿನಲ್ಲಿ ಏನನ್ನೂ ಬರೆಯಲಿಲ್ಲ.

ಜನವರಿಯಲ್ಲೇ ಮರಗಳಿಗೆ ನಗರಪಾಲಿಕೆಯ ನೋಟೀಸು ಅಂಟಿತು. ಮಹಾರಾಷ್ಟ್ರದಲ್ಲಿ 1975ರ ಕಾನೂನಿನ ಪ್ರಕಾರ ವೃಕ್ಷ ಪ್ರಾಧಿಕಾರದ ಅಪ್ಪಣೆಯಿಲ್ಲದೆ ನಗರದ ಮರ ಕಡಿಯುವಂತಿಲ್ಲ. ಕಡಿಯುವ ಮೊದಲು ಜನರ ಆಕ್ಷೇಪ ಕೇಳಬೇಕು. 2021ರ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ ಮರಕ್ಕೆ ‘ಪಾರಂಪರಿಕ ವೃಕ್ಷ’ವೆಂಬ ಮರ್ಯಾದೆ, ಅದನ್ನು ಕಡಿದರೆ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿ ನೆಡಬೇಕು. ನಮ್ಮ ಸಂಪಿಗೆಯನ್ನು ನೆಟ್ಟದ್ದು 1973ರಲ್ಲಿ. ನಮ್ಮ ತಾಯಿಯವರು ಅದನ್ನು ಧಾರವಾಡದಿಂದ ವನಸ್ಪತಿಯ ಡಬ್ಬಿಯಲ್ಲಿ ತಂದಿದ್ದರು. ಮೀರಜದಲ್ಲಿ ಗಾಡಿ ಬದಲಿಸುವಾಗ ಟ್ರಂಕು, ಹಾಸಿಗೆಗಳನ್ನೆಲ್ಲ ಹಮಾಲನ ತಲೆಗೇರಿಸಿ, ಡಬ್ಬಿಯನ್ನು ಮಾತ್ರ ಸೆರಗಿನಲ್ಲಿ ಹಿಡಿದು, “ಇದನ್ನ ಮುಟ್ಟಬ್ಯಾಡ್ರಿ, ಊರಿನ ಮಣ್ಣೈತಿ” ಎಂದಿದ್ದರಂತೆ. ಮರಕ್ಕೆ ಜನನದ ದಾಖಲೆ ಎಲ್ಲಿಂದ ತರುವುದು? ಮಗನ ಜಾವಳದ ಫೋಟೋ ಸಿಕ್ಕಿತು. ಹಿಂದೆ ಸ್ಟುಡಿಯೋದವರ ಮುದ್ರೆ, 1974. ಮುಂದೆ ಬೋಳುತಲೆಯ ಮಗು, ಅದರ ಪಕ್ಕಕ್ಕೆ ಸೊಂಟದೆತ್ತರದ ಸಂಪಿಗೆ. ಅದರ ನಕಲನ್ನೂ ನೋಟುಬುಕ್ಕಿನ ಲೆಕ್ಕವನ್ನೂ ಸೇರಿಸಿ ಆಕ್ಷೇಪ ಬರೆದೆವು.

ಅಷ್ಟರಲ್ಲಿ ಬೇಸಿಗೆ. ಗುಡ್ಡದ ದಾರಿಯ ಪಾಂಗಾರದಲ್ಲಿ ಎಲೆಗಳೆಲ್ಲ ಉದುರಿ ಕೆಂಪು ಹೂವು. ಅದರ ತುಂಬ ಮಧ್ಯ ಏಷ್ಯದಿಂದ ಬಂದ ಗುಲಾಬಿ ಕಬ್ಬಕ್ಕಿಗಳ ಸಂತೆ. ಏಪ್ರಿಲ್ ಕಳೆಯುವಷ್ಟರಲ್ಲಿ ಒಂದೂ ಇಲ್ಲ. ಕೋಗಿಲೆ ಕೂಗಿತು, ಕೂಗುವವನು ಕಪ್ಪು ಗಂಡು, ಹೆಣ್ಣಿಗೆ ಚುಕ್ಕೆಯ ಕಂದು ಮೈ ಎಂಬುದನ್ನು ಮೊಮ್ಮಗಳಿಗೆ ತೋರಿಸಿದೆವು. ಸಂಪಿಗೆಯ ಒಣಕೊಂಬೆಯಲ್ಲಿ ಕಂಚುಗಾರ ದಂಪತಿಗಳು ದುಂಡಗೆ ತೂತು ಕೊರೆದು ಮರಿ ಮಾಡಿದವು. ಒಣಕೊಂಬೆ ಎಂದರೆ ಕಡಿಯತಕ್ಕದ್ದು ಎಂದು ತಿಳಿದ ತೋಟಗಾರನನ್ನು ಮೂರು ಸಲ ಚಹ ಕುಡಿಸಿ ಕಳಿಸಬೇಕಾಯಿತು. ಮೇ ತಿಂಗಳ ಕೊನೆಗೆ ಲೆಕ್ಕ ಮುಗಿಸಿದಾಗ ಮೂವತ್ತನಾಲ್ಕು ಬಗೆ ಹಕ್ಕಿ. ಗುಬ್ಬಿ ಅದರಲ್ಲಿ ಉಂಟು, ಆದರೆ ಐದೇ.

ಅಧಿಕಾರಿಗಳು ಬಂದರು, ಮರಕ್ಕೆ ಟೇಪು ಸುತ್ತಿದರು, ಸಭ್ಯರಾಗಿ ಮಾತಾಡಿದರು. ಅತ್ತಿ ಉಳಿಯಿತು, ಅದು ಗಡಿಗೋಡೆಯ ಬದಿಗೆ, ಹೇಗೂ ಕಟ್ಟಡ ಕಟ್ಟದ ಜಾಗದಲ್ಲಿದೆ, ಮೇಲಾಗಿ ಔದುಂಬರ, ದತ್ತನ ಮರ, ಅದಕ್ಕೆ ಕೊಡಲಿ ಹಾಕುವ ಧೈರ್ಯ ಯಾವ ಗುತ್ತಿಗೆದಾರನಿಗೂ ಇರಲಿಲ್ಲ. ಸಂಪಿಗೆ ನಿಂತಿರುವುದು ಮಾತ್ರ ಕಾರುಗಳು ಕೆಳಗಿಳಿಯುವ ಇಳಿಜಾರು ಬರತಕ್ಕ ಜಾಗದಲ್ಲಿ. ಬೇರುಸಹಿತ ಎತ್ತಿ ಬೇರೆಡೆ ನೆಡಬಹುದೆಂದು ಒಬ್ಬರೆಂದರು. ಐವತ್ತು ವರ್ಷದ ಸಂಪಿಗೆ ಬೇರು ಕಡಿಸಿಕೊಂಡು ಬದುಕುವುದು ಅಪರೂಪ. ಐವತ್ತೊಂದು ಸಸಿ ನೆಟ್ಟರಾಗದೆ ಎಂದು ಇನ್ನೊಬ್ಬರು. ಆಗುತ್ತದೆ, ಕಂಚುಗಾರನಿಗೆ ಬೇಕಾದ ಒಣಕೊಂಬೆ ಅವುಗಳಲ್ಲಿ ಆಗಲು ಇನ್ನು ಎಷ್ಟು ವರ್ಷ ಎಂಬುದಷ್ಟೇ ಪ್ರಶ್ನೆ. ನಕ್ಷೆ ಬರೆಯುವ ತರುಣ ಎರಡು ಸಂಜೆ ಕುಳಿತು ದಾರಿ ಹುಡುಕಿದ: ಇಳಿಜಾರನ್ನು ಮುಂಭಾಗಕ್ಕೆ ತಿರುಗಿಸಬಹುದು, ಆದರೆ ಎರಡು ಕಾರುಗಳ ಜಾಗ ಹೋಗುತ್ತದೆ. ಒಂದು ನಮ್ಮದೆಂದು ಹೇಳಿದೆವು. ಎರಡನೆಯದು ಯಾರದು? ಸಭೆಯಲ್ಲಿ ಎಲ್ಲರೂ ನೆಲ ನೋಡಿದರು. ಸುದ್ದಿ ಮೇಲಕ್ಕೆ ಹತ್ತಿ, ಮಾರನೆಯ ದಿನ ಆಜಿಯ ಮಾತು ಕೆಳಗಿಳಿಯಿತು: “ಮೊಣಕಾಲೇ ಇಲ್ಲದವಳಿಗೆ ಕಾರು ಏತಕ್ಕೆ? ನನ್ನ ಜಾಗ ಕೋಗಿಲೆಗೆ ಕೊಡಿ.” ಆದರೆ ಆಜಿಯ ಮಗನಿಗೆ ಇದು ಸಮ್ಮತವಿಲ್ಲ. ಕಾರಿನ ಜಾಗವಿಲ್ಲದ ಮನೆಗೆ ನಾಳೆ ಮಾರುವಾಗ ಲಕ್ಷಗಟ್ಟಲೆ ಕಡಿಮೆ ಬರುತ್ತದೆ ಎನ್ನುತ್ತಾರೆ; ಅದು ಸುಳ್ಳಲ್ಲ. ಮುಂದಿನ ಸಭೆ ಜುಲೈಯಲ್ಲಿ. ದೀಪಾವಳಿಯ ನಂತರ ನಾವೆಲ್ಲ ಮನೆ ಖಾಲಿ ಮಾಡಬೇಕು.

ಇನ್ನೊಂದು ಸಂಗತಿ. ಸಂಪಿಗೆಯ ಕಾಯಿ ಒಡೆದರೆ ಒಳಗೆ ಕೆಂಪು ತಿರುಳಿನ ಬೀಜ. ಪಿಕಳಾರ, ಕೋಗಿಲೆಗಳಿಗೆ ಅದು ಬಲು ಇಷ್ಟ. ನಾವು ಒಣಗಿಸಿ ಇಟ್ಟ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ, ಹಳತಾದರೆ ಅವು ಬೇಗ ಸಾಯುತ್ತವೆ. ಹಕ್ಕಿಗಳು ತಿಂದು ಎಸೆದವು ಮಾತ್ರ ದಾಸವಾಳದ ಬೇಲಿಯ ಕೆಳಗೆ ನವೆಂಬರಿನಲ್ಲಿ ತಲೆ ಎತ್ತಿದ್ದವು. ಹನ್ನೊಂದು ಸಸಿ, ಈಗ ಗೇಣುದ್ದ, ಕುಂಡಗಳಲ್ಲಿವೆ. ಒಂದು ಆಜಿಗೆ, ಎರಡು ಮಗನ ಮನೆಗೆ. ಉಳಿದ ಎಂಟು ನಮ್ಮ ಸಂಘದ ಬಂಧುಗಳಿಗೆ. ಬೀಜದ ಗಿಡವಾದ್ದರಿಂದ ಹೂವಿಗೆ ಎಂಟು ಹತ್ತು ವರ್ಷ ಕಾಯಬೇಕು. ಬಾಲ್ಕನಿಯಲ್ಲಿ ಬೆಳೆಯುವ ಗಿಡವಲ್ಲ, ನೆಲವಿದ್ದವರು, ಅಥವಾ ಊರಲ್ಲಿ ಹೊಲದ ಬದುವಿದ್ದವರು ಬರಬೇಕು. ಮಳೆ ಹಿಡಿದ ಮೇಲೆ ಯಾವ ಭಾನುವಾರವಾದರೂ ಆದೀತು. ಮುಂಬಾಗಿಲಿನಿಂದಲೇ ಬನ್ನಿ, ಹಿಂದಿನ ಬಾಗಿಲ ಪಕ್ಕದ ಅತ್ತಿಯ ಚಿಗುರೆಲೆಯಲ್ಲಿ ಸಿಂಪಿಗ ಗೂಡು ಹೊಲಿದಿದ್ದಾನೆ, ಮೂರು ಮೊಟ್ಟೆಗಳಿವೆ.