ಸೋಸುವ ಅರಿವೆ, ಸುಳಿವು ಕೊಡುವ ಹಾಳೆ

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ನಳದ ಬಾಯಿಗೆ ಅರಿವೆ ಕಟ್ಟದ ಮನೆಯನ್ನು ಹುಡುಕುವುದು ಒಂದು ಕಾಲಕ್ಕೆ ಕಷ್ಟವೇ ಆಗಿತ್ತು. ಹಳೆಯ ಧೋತರದ ತುಂಡು, ಸವೆದ ಸೀರೆಯ ಸೆರಗು, ಯಾವುದಾದರೂ ಸರಿ. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬಿಟ್ಟಾಗ ಮೊದಲು ಬರುವುದು ಬುಸುಗುಡುವ ಗಾಳಿ, ಬಳಿಕ ಕೆಂಪು ನೀರು, ಆಮೇಲೆ ತಿಳಿನೀರು. ಕೊಡ, ಹಂಡೆ, ಬಕೀಟು ಎಲ್ಲ ತುಂಬಿದ ಮೇಲೆ ಅರಿವೆ ಬಿಚ್ಚಿ ನೋಡಿದರೆ ಅದರಲ್ಲಿ ಮಣ್ಣು, ತುಕ್ಕಿನ ಚೂರು, ಪಾಚಿಯ ಎಳೆ. "ಇಷ್ಟೆಲ್ಲ ಹೊಟ್ಟ್ಯಾಗ ಹೋಗತಿತ್ತು ನೋಡ್ರಿ" ಎಂದು ಅವ್ವಂದಿರು ಅದನ್ನು ಕೊಡವಿ, ತೊಳೆದು, ಒಣಹಾಕುತ್ತಿದ್ದರು.

ಆ ಸಮಾಧಾನ ಸುಳ್ಳಲ್ಲ. ಆದರೆ ಪೂರ್ಣ ನಿಜವೂ ಅಲ್ಲ. ಅರಿವೆ ಏನನ್ನು ಹಿಡಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಏನನ್ನು ಬಿಟ್ಟಿತು ಎಂಬುದು ಕಾಣುವುದಿಲ್ಲ. ಸೋಸುವ ವಸ್ತುಗಳ ಇತಿಹಾಸವೆಲ್ಲ ಈ ಕಾಣದ ಭಾಗದ ಹಿಂದೆ ಬಿದ್ದ ಕಥೆಯೇ ಆಗಿದೆ.

ಎಳೆಯ ನಡುವಿನ ಕಿಂಡಿ

ಬಟ್ಟೆ ಎಂದರೆ ಎಳೆಗಳ ಲೆಕ್ಕ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರವಿರುವುದು ಎಲ್ಲರಿಗೂ ಗೊತ್ತು. ಅಲ್ಲಿ ಧ್ವಜದ ಬಟ್ಟೆಯ ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿ, ತೂಕ ನೋಡಿ, ಬಣ್ಣ ಪರೀಕ್ಷಿಸಿದ ಮೇಲೆಯೇ ಹೊಲಿಗೆಗೆ ಕೊಡುತ್ತಾರೆ. ಎಳೆ ಎಣಿಸಬಹುದಾದರೆ ಎಳೆಗಳ ನಡುವಿನ ಕಿಂಡಿಯನ್ನೂ ಅಳೆಯಬಹುದು. ಆ ಕಿಂಡಿಗಿಂತ ದೊಡ್ಡದು ಮೇಲೆ ನಿಲ್ಲುತ್ತದೆ, ಚಿಕ್ಕದು ಕೆಳಗೆ ಇಳಿಯುತ್ತದೆ. ಜರಡಿಯ ನಿಯಮ ಇಷ್ಟೇ.

ಈ ಸರಳ ನಿಯಮದಿಂದ ಎಷ್ಟು ದೊಡ್ಡ ಲಾಭ ಪಡೆಯಬಹುದು ಎಂಬುದನ್ನು ಬಾಂಗ್ಲಾದೇಶದ ಹಳ್ಳಿಗಳು ತೋರಿಸಿಕೊಟ್ಟವು. ಅಲ್ಲಿ ಕೆರೆ, ಹೊಳೆಗಳ ನೀರನ್ನೇ ಕುಡಿಯುವ ಜನರಲ್ಲಿ ಕಾಲರಾ ಬಿಡದೆ ಕಾಡುತ್ತಿತ್ತು. ಕಾಲರಾ ರೋಗಾಣು ನೀರಿನಲ್ಲಿರುವ ಪುಟ್ಟ ಪ್ರಾಣಿಗಳ ಮೈಗೆ ಅಂಟಿಕೊಂಡು ಬದುಕುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಕಂಡುಕೊಂಡಿದ್ದರು. ರೋಗಾಣು ಚಿಕ್ಕದು, ಆದರೆ ಅದನ್ನು ಹೊತ್ತು ತಿರುಗುವ ಪ್ರಾಣಿ ದೊಡ್ಡದು. ಹಳೆಯ ಸೀರೆಯನ್ನು ನಾಲ್ಕೈದು ಮಡಿಕೆ ಮಾಡಿದರೆ ಕಿಂಡಿ ಸುಮಾರು 20 ಮೈಕ್ರಾನಿಗೆ ಇಳಿಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹೊಸ ಸೀರೆಗಿಂತ ಹಲವು ಸಲ ಒಗೆದ ಹಳೆಯ ಸೀರೆಯೇ ಮೇಲು, ಏಕೆಂದರೆ ಒಗೆತದಿಂದ ನೂಲು ಸಡಿಲಾಗಿ ಎಳೆಗಳು ಉಬ್ಬಿ ಕಿಂಡಿಯನ್ನು ಮುಚ್ಚುತ್ತವೆ. ಹೀಗೆ ಸೋಸಿದ ನೀರು ಕುಡಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಅವರು ಪ್ರಕಟಿಸಿದರು. ಅಂದರೆ ಅವ್ವನ ಅರಿವೆಗೆ ವಿಜ್ಞಾನದ ಒಪ್ಪಿಗೆಯೂ ಉಂಟು.

ಆದರೆ ಎಲ್ಲ ರೋಗಾಣುಗಳಿಗೂ ಇಂಥ ವಾಹನ ಇರುವುದಿಲ್ಲ. ವಿಷಮಶೀತ ಜ್ವರದ, ಅಂದರೆ ಟೈಫಾಯಿಡಿನ, ರೋಗಾಣು ಎರಡು ಮೂರು ಮೈಕ್ರಾನ್ ಉದ್ದವಿದ್ದು, ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. 20 ಮೈಕ್ರಾನಿನ ಕಿಂಡಿ ಅದಕ್ಕೆ ಅಗಸೆ ಬಾಗಿಲು ಇದ್ದಂತೆ.

ಜರಡಿಗಿಂತ ಆಚೆ

ಹಾಗಾದರೆ ಕಿಂಡಿಯನ್ನು ಚಿಕ್ಕದು ಮಾಡುತ್ತ ಹೋದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಅದೂ ನಡೆದಿದೆ. 1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಎಂಬ ಇಬ್ಬರು ಸೆಲ್ಯುಲೋಸ್ ಅಸಿಟೇಟಿನಿಂದ ಒಂದು ಪೊರೆ ತಯಾರಿಸಿದರು. ಒತ್ತಡ ಹಾಕಿದರೆ ಅದು ನೀರನ್ನು ಬಿಟ್ಟು ಉಪ್ಪನ್ನೂ ತಡೆಯುತ್ತಿತ್ತು. ಇಂದು ಅಡುಗೆಮನೆಯ ಗೋಡೆಗೆ ತೂಗುವ ಆರ್‌ಓ ಯಂತ್ರಗಳೆಲ್ಲ ಆ ಪೊರೆಯ ಮೊಮ್ಮಕ್ಕಳು. ಆದರೆ ಕಿಂಡಿ ಚಿಕ್ಕದಾದಷ್ಟೂ ನೀರನ್ನು ನೂಕಲು ಹೆಚ್ಚು ಒತ್ತಡ ಬೇಕು, ಕರೆಂಟು ಬೇಕು. ಮೇಲಾಗಿ ಇಂಥ ಯಂತ್ರಗಳು ಸಾಮಾನ್ಯವಾಗಿ ಕೊಡುವ ನೀರಿಗಿಂತ ಚೆಲ್ಲುವ ನೀರೇ ಹೆಚ್ಚು. ನೀರಿನ ಸರದಿಗೆ ದಿನ ಎಣಿಸುವ ಊರಿಗೆ ಇದು ಸಣ್ಣ ಮಾತಲ್ಲ.

ಕಿಂಡಿಯನ್ನು ಚಿಕ್ಕದು ಮಾಡದೆಯೇ ಹಿಡಿಯುವ ಇನ್ನೊಂದು ಜಾಣತನವೂ ಇದೆ. 2020ರ ಕೊರೋನಾ ಕಾಲದಲ್ಲಿ ಮನೆಮಾತಾದ ಎನ್-95 ಮುಖಗವಸನ್ನೇ ನೋಡಿ. ಅದರ ನಡುವಿನ ಪದರ ನೇಯ್ದ ಬಟ್ಟೆಯಲ್ಲ. ಕರಗಿಸಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯಿಂದ ಊದಿ, ಎಳೆಗಳನ್ನು ಹತ್ತಿಯಂತೆ ಒಂದರ ಮೇಲೊಂದು ಬೀಳಿಸಿ ಮಾಡಿದ ಹಾಳೆ. ಆ ಎಳೆಗಳಿಗೆ ಸ್ಥಿರ ವಿದ್ಯುತ್ತಿನ ಆವೇಶ ಕೊಟ್ಟಿರುತ್ತಾರೆ. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಎಳೆಯುವಂತೆ ಅವು ಹಾದುಹೋಗುವ ಕಣಗಳನ್ನು ಎಳೆದುಕೊಳ್ಳುತ್ತವೆ. ಹೀಗಾಗಿ ಕಿಂಡಿಗಿಂತ ಚಿಕ್ಕ ಕಣವೂ ಸಿಕ್ಕಿಬೀಳುತ್ತದೆ, ಉಸಿರಾಟವೂ ಕಟ್ಟುವುದಿಲ್ಲ. ಈ ವಿದ್ಯೆಯನ್ನು 1990ರ ದಶಕದಲ್ಲಿ ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ ಬೆಳೆಸಿದವರು ತೈವಾನ್ ಮೂಲದ ಪೀಟರ್ ತ್ಸೈ. ಇಂಥ ಮುಖಗವಸನ್ನು ಸಾಬೂನಿನಲ್ಲಿ ಒಗೆದರೆ ಆವೇಶ ಹೋಗುತ್ತದೆ. ನೋಡಲು ಹಾಗೇ ಇರುತ್ತದೆ, ಕೆಲಸ ಮಾತ್ರ ಕುಂದುತ್ತದೆ.

ಎಲ್ಲ ಸೋಸುಗಗಳ ದೋಷವೂ ಇದೇ. ಅವು ಕೆಟ್ಟಾಗ ಬಾಯಿ ಬಿಟ್ಟು ಹೇಳುವುದಿಲ್ಲ.

ಕಪ್ಪಾಗುವ ಕಾಗದ

ಹೇಳುವ ಕೆಲಸವನ್ನು ಬೇರೊಂದು ಹಾಳೆ ಮಾಡಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಮುಟ್ಟದ ವಿದ್ಯಾರ್ಥಿ ಇಲ್ಲ. ನಿಂಬೆರಸ ತಾಗಿದರೆ ನೀಲಿ ಕೆಂಪಾಗುತ್ತದೆ. ಕುಡಿಯುವ ನೀರಿಗೂ ಇಂಥ ಕಾಗದ ಬೇಕಲ್ಲ ಎಂದು ಯೋಚಿಸಿದವರು ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಾಂಜಾ, ಮೌರ್ಯ ಮತ್ತು ರಾವ್ ಎಂಬ ಮೂವರು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅವರ ಲೇಖನ ಬಂತು.

ಉಪಾಯ ಸರಳ. ಪುಟ್ಟ ಬಾಟಲಿಯಲ್ಲಿ ಪೋಷಕ ದ್ರವ್ಯ, ಗಂಧಕದ ಒಂದು ಲವಣ ಮತ್ತು ಕಬ್ಬಿಣದ ಒಂದು ಲವಣವನ್ನು ಹೀರಿಸಿ ಒಣಗಿಸಿದ ಕಾಗದ. ಅದಕ್ಕೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಬೇಕು. ಮಲದೊಂದಿಗೆ ಬರುವ ಹಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ, ಕೊಳೆತ ತತ್ತಿಯ ವಾಸನೆಯ ಅದೇ ಅನಿಲ. ಅದು ಕಬ್ಬಿಣದೊಂದಿಗೆ ಸೇರಿ ಕಪ್ಪು ಸಲ್ಫೈಡ್ ಆಗುತ್ತದೆ. ಬಾಟಲಿ ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯಬಾರದು. ಕರೆಂಟು ಬೇಡ, ಸೂಕ್ಷ್ಮದರ್ಶಕ ಬೇಡ, ಓದು ಬರಹವೂ ಬೇಡ.

ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಈ ಬಾಟಲಿ ದೊಡ್ಡದೊಂದು ಜಗಳವನ್ನೇ ಬಗೆಹರಿಸಿತು. ಮನೆಯ ಚಿಕ್ಕ ಹುಡುಗ ಟೈಫಾಯಿಡ್ ಬಂದು ಮೂರು ವಾರ ಮಲಗಿ ಎದ್ದಿದ್ದ. ಪರೀಕ್ಷೆ ತಪ್ಪಿತ್ತು. ತಂದೆ ಕಂತಿನ ಮೇಲೆ ಯಂತ್ರ ತರಲು ಹೊರಟಿದ್ದ. ತಾಯಿಗೆ ಅದಕ್ಕಿಂತ ದೊಡ್ಡ ನೋವು. "ದಿನಾ ಅರಿವಿ ಕಟ್ಟಿ ಸೋಸೇ ತುಂಬೀನಿ. ನನ್ನ ಕೈಯಾಗ ಏನ ತಪ್ಪಾತು?" ಎಂದು ಆಕೆ ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದಳು.

ಒಂಬತ್ತನೇ ಇಯತ್ತೆಯ ಮಗಳು ಅಡ್ಡ ಬಂದಳು. "ಅಪ್ಪಾ, ನೀರು ಕೆಡೂದು ನಳದಾಗೋ ಹರವ್ಯಾಗೋ, ಮೊದಲ ಅದನ್ನ ನೋಡೂಣು."

ಶಾಲೆಯಿಂದ ಮೂರು ಬಾಟಲಿ ಬಂದವು. ನೀರು ಬಿಟ್ಟ ದಿನ ಮೊದಲ ನೀರಿನಿಂದ ಒಂದು, ಅರ್ಧ ತಾಸು ಹರಿದ ಮೇಲೆ ಒಂದು, ಹರವಿಯಲ್ಲಿ ಎರಡು ದಿನ ಇಟ್ಟ ನೀರಿನಿಂದ ಒಂದು. ಮರುದಿನ ಸಂಜೆ ನೋಡಿದರೆ ಮೊದಲನೆಯದು ಕಪ್ಪು. ಎರಡನೆಯದು ಹಾಗೇ ಇತ್ತು. ಮೂರನೆಯದು ಮತ್ತೆ ಕಪ್ಪು. ಹರವಿಯೊಳಗೆ ಮನೆಮಂದಿಯೆಲ್ಲ ಕೈ ಮುಳುಗಿಸಿ ತಂಬಿಗೆ ಅದ್ದುತ್ತಿದ್ದರು.

ತಂದೆ ಯಂತ್ರದ ಮಾತನ್ನು ಬದಿಗಿಟ್ಟ. ಮೊದಲ ನೀರು ಬಳಿಯುವುದಕ್ಕೆ, ತೊಳೆಯುವುದಕ್ಕೆ. ಕುಡಿಯುವ ನೀರಿಗೆ ಬಾಯಿ ಮುಚ್ಚಿದ, ತಳದಲ್ಲಿ ನಳವಿರುವ ಸ್ಟೀಲಿನ ಡಬ್ಬಿ. ಕುದಿಸುವುದು ಕಡ್ಡಾಯ. ಒಂದು ದಿನ ಬಾಟಲಿ ಕಪ್ಪಾಗಲಿಲ್ಲ ಎಂದ ಮಾತ್ರಕ್ಕೆ ನೀರು ಎಂದೆಂದಿಗೂ ಶುದ್ಧ ಎಂದಲ್ಲವಲ್ಲ. ಮಗಳು ತಾಯಿಗೆ ಹೇಳಿದ್ದು ಒಂದೇ ಮಾತು: "ಅವ್ವಾ, ನೀ ತಪ್ಪು ಮಾಡಿಲ್ಲ. ಅರಿವಿ ಅದರ ಕೆಲಸ ಮಾಡೇತಿ. ಉಳಿದ ಕೆಲಸ ಅದರದಲ್ಲ."

ಒಂದು ಎಚ್ಚರಿಕೆ. ಕಪ್ಪಾದ ಬಾಟಲಿಯಲ್ಲಿ ರೋಗಾಣುಗಳು ಕೋಟಿಗಟ್ಟಲೆ ಬೆಳೆದಿರಬಹುದು. ಅದನ್ನು ಶಿಕ್ಷಕರ ಎದುರಿನಲ್ಲಿಯೇ ಬ್ಲೀಚಿಂಗ್ ಪುಡಿ ಹಾಕಿ ವಿಲೇವಾರಿ ಮಾಡಬೇಕು. ಕೆಲವು ಬೋರ್‌ವೆಲ್ ನೀರಿನಲ್ಲಿ ಸಹಜವಾಗಿಯೇ ಗಂಧಕವಿದ್ದು ಕಾಗದ ಸುಮ್ಮನೆ ಕಪ್ಪಾಗಬಹುದು. ಫ್ಲೋರೈಡಿನಂಥ ವಿಷ ಇದ್ದರೆ ಈ ಕಾಗದಕ್ಕೆ ತಿಳಿಯುವುದೇ ಇಲ್ಲ.

ಊರೇ ಪ್ರಯೋಗಶಾಲೆ

ಆ ಮೂರು ಬಾಟಲಿಗಳು ಒಂದು ಮನೆಯಲ್ಲಿ ತೋರಿಸಿದ್ದನ್ನು ದೊಡ್ಡ ಪ್ರಮಾಣದಲ್ಲಿ ಇದೇ ಅವಳಿನಗರದಲ್ಲಿ ಅಳೆಯಲಾಗಿದೆ. ಮಲಪ್ರಭೆಯ ನೀರು ಸವದತ್ತಿಯ ನವಿಲುತೀರ್ಥದ ರೇಣುಕಾಸಾಗರದಿಂದ ಇಲ್ಲಿಗೆ ಬರುತ್ತದೆ. 2008ರ ಹೊತ್ತಿಗೆ ಎಂಟು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ವ್ಯವಸ್ಥೆ ಬಂತು. ಉಳಿದ ವಾರ್ಡುಗಳಿಗೆ ಎಂದಿನಂತೆ ಕೆಲವು ದಿನಕ್ಕೊಮ್ಮೆ. ಒಂದೇ ಊರು, ಎರಡು ರೀತಿಯ ಸರಬರಾಜು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಇ. ಕೋಲೈ ಬ್ಯಾಕ್ಟೀರಿಯಾ ನಿರಂತರ ನೀರಿನ ನಳಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲೂ ಸಿಗಲಿಲ್ಲ, ಪ್ರಮಾಣ ಶೇಕಡಾ 0.7 ಮಾತ್ರ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಶೇಕಡಾ 31.7.

ಕಾರಣವೇನು? ಪೈಪು ತುಂಬಿ ಒತ್ತಡದಲ್ಲಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರಲಾರದು. ಪೈಪು ಬರಿದಾದಾಗ ಪಕ್ಕದ ಗಟಾರದ ನೀರು ಅದೇ ಬಿರುಕಿನಿಂದ ಒಳಗೆ ಜಿನುಗುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ನಿರಂತರ ನೀರಿದ್ದ ವಾರ್ಡುಗಳ ಮನೆಗಳಲ್ಲಿ ಟೈಫಾಯಿಡ್ ಕಡಿಮೆ ಕಂಡಿತೆಂದು ಹೇಳಿತು. ಆದರೆ ಚಿಕ್ಕಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ನೀರೊಂದೇ ದಾರಿಯಲ್ಲ. ಕೈ, ಆಹಾರ, ನೊಣ, ಶೌಚ ಎಲ್ಲವೂ ಸೇರಿವೆ.

ಲಗ್ನಪತ್ರಿಕೆಯ ವಿದ್ಯೆ

ಒಂದು ದಿನ ಕಾಯದೆ ಕೂಡಲೇ ಸುಳಿವು ಕೊಡುವ ಹಾಳೆ ಸಾಧ್ಯವೇ? ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಅಂಥದ್ದು ಆಗಲೇ ಇದೆ. ರಕ್ತದ ಸಕ್ಕರೆ ನೋಡುವ ಪಟ್ಟಿ ತಯಾರಾಗುವುದು ಹೆಚ್ಚಾಗಿ ಸ್ಕ್ರೀನ್ ಪ್ರಿಂಟಿಂಗಿನಿಂದ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕೈಚೀಲಗಳ ಮೇಲೆ ಜಾಳಿಗೆಯ ಮೂಲಕ ಮಸಿ ಒತ್ತಿ ಅಚ್ಚು ಹಾಕುವ ಅದೇ ವಿದ್ಯೆ. ಕಾಗದದ ಬದಲು ಪ್ಲಾಸ್ಟಿಕ್ ಹಾಳೆ, ಸಾದಾ ಮಸಿಯ ಬದಲು ವಿದ್ಯುತ್ ಹರಿಸುವ ಇಂಗಾಲ ಮತ್ತು ಬೆಳ್ಳಿಯ ಮಸಿ. ಅದರ ಮೇಲೆ ಸಕ್ಕರೆಯೊಂದಿಗೆ ಮಾತ್ರ ವರ್ತಿಸುವ ಕಿಣ್ವ. ಕಿಣ್ವ ಬಳಸಿ ಸಕ್ಕರೆ ಅಳೆಯುವ ದಾರಿಯನ್ನು 1962ರಲ್ಲಿ ತೋರಿಸಿದವರು ಅಮೆರಿಕದ ಲೀಲಂಡ್ ಕ್ಲಾರ್ಕ್. 1987ರಲ್ಲಿ ಪೆನ್ನಿನಾಕಾರದ ಯಂತ್ರವಾಗಿ ಅದು ಮನೆಮನೆಗೆ ಬಂತು. ಒಂದು ಹನಿ ರಕ್ತ, ಕೆಲವೇ ಸೆಕೆಂಡು, ಅಂಕಿ ಸಿದ್ಧ.

ಬಾಗುವ ಹಾಳೆಯ ಮೇಲೆ ಅಚ್ಚು ಹಾಕಿದ ಇಂಥ ಸಂವೇದಕಗಳು ತೇವ, ಶಾಖ, ಒತ್ತಡಗಳನ್ನೂ ಅಳೆಯಬಲ್ಲವು. ನೀರಿನ ಲೋಹ, ನೈಟ್ರೇಟುಗಳಿಗೂ ಇಂಥವನ್ನು ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದ್ದಾರೆ. ತತ್ವವನ್ನು ಶಾಲೆಯಲ್ಲಿಯೇ ನೋಡಬಹುದು. ಕಾಗದದ ಪಟ್ಟಿಯ ಮೇಲೆ 6ಬಿ ಪೆನ್ಸಿಲಿನಿಂದ ದಪ್ಪ ಗೆರೆಯನ್ನು ಹಲವು ಸಲ ಒತ್ತಿ ಎಳೆಯಿರಿ. ಎರಡೂ ತುದಿಗೆ ಮಲ್ಟಿಮೀಟರ್ ತಾಗಿಸಿ ರೋಧ ಓದಿಕೊಳ್ಳಿ. ಗೆರೆ ಹೊರಮೈಗೆ ಬರುವಂತೆ ಕಾಗದ ಬಾಗಿಸಿದರೆ ಗ್ರಾಫೈಟಿನ ಕಣಗಳು ದೂರ ಸರಿದು ರೋಧ ಏರುತ್ತದೆ. ಒಳಮೈಗೆ ಬಂದರೆ ಒತ್ತಾಗಿ ಇಳಿಯುತ್ತದೆ. ಹತ್ತು ರೂಪಾಯಿಯ ಪೆನ್ಸಿಲಿನಿಂದ ಒಂದು ಸಂವೇದಕ!

ಧಾರವಾಡದಲ್ಲಿ 2016ರಲ್ಲಿ ಐಐಟಿ ಆರಂಭವಾಯಿತು. ಅದರ ಮೊದಲ ತರಗತಿಗಳು ನಡೆದದ್ದು ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಆವರಣದಲ್ಲಿ. ಅಲ್ಲಿಗೆ ಹೋಗುವ ಕನಸು ಕಾಣುವ ಮಕ್ಕಳೂ, ಕನಸು ಕಾಣಿಸುವ ಪಾಲಕರೂ ಈ ಊರಿನಲ್ಲಿ ಬಹಳ. ವಿಜ್ಞಾನ ಪ್ರದರ್ಶನ ಬಂದರೆ ಪೇಟೆಯಿಂದ ತಂದ ಥರ್ಮೋಕೋಲಿನ ಜ್ವಾಲಾಮುಖಿಗಳೂ ಬಹಳ. ಅದರ ಬದಲು ತಮ್ಮ ಓಣಿಯ ಹತ್ತು ಮನೆಗಳ ನೀರನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಪರೀಕ್ಷಿಸಿ ಒಂದು ಪಟ್ಟಿ ತಯಾರಿಸಿದರೆ ಅದಕ್ಕೆ ಬಹುಮಾನ ಬರಲಿ ಬಿಡಲಿ, ಆ ಹತ್ತು ಮನೆಯವರು ಅದನ್ನು ಓದುತ್ತಾರೆ. ಪಾಲಕರು ಮಾಡಬೇಕಾದದ್ದು ಇಷ್ಟೇ: ಬಾಟಲಿ ಕಪ್ಪಾದಾಗ ಮಕ್ಕಳ ಮೇಲೆ ಸಿಟ್ಟಾಗದೆ, ನೀರು ಎಲ್ಲಿ ಕೆಟ್ಟಿತು ಎಂದು ಅವರ ಜೊತೆ ಕೂತು ಹುಡುಕುವುದು. ಯಂತ್ರ ಕೊಳ್ಳಬೇಕೋ ಬೇಡವೋ ಎಂಬುದು ಆಮೇಲಿನ ಮಾತು.